ಸೇರಿನ ಮುತ್ತಿಗೆ ಕೊಸರು ಎಷ್ಟು?

ರಾಜ್ಯೋತ್ಸವ ಅಂದರೆ ಒಂದು ದಿನ ಎಂದು ಕ್ಯಾಲೆಂಡರಿನವರು ತಪ್ಪು ತಿಳಿದಿದ್ದಾರೆ. ಅದು ಮಳೆಗಾಲ, ಚಳಿಗಾಲದ ಹಾಗೆ ಒಂದು ಕಾಲ. ನವೆಂಬರ್ ಒಂದಕ್ಕೆ ಹಿಡಿದರೆ ಡಿಸೆಂಬರ್ ಅರ್ಧ ಕಳೆದರೂ ಬಿಡುವುದಿಲ್ಲ. ಮೊನ್ನೆ ಅದು ನಮ್ಮ ಬೀದಿಗೂ ಬಂತು. ಪೆಂಡಾಲು ಹಾಕಿದ್ದು ನಾಲ್ಕು ಮನೆ ಆಚೆ. ಅದರ ಗಂಟಲು ಮಾತ್ರ, ಅಂದರೆ ಆಳೆತ್ತರದ ಸ್ಪೀಕರು, ನನ್ನ ಕಿಟಕಿಯ ಕೆಳಗೆ. ಸಂಜೆ ಏಳಕ್ಕೆ ಭಾಷಣ ಶುರುವಾಯಿತು. ನಾನು ಗಡಿಯಾರ ನೋಡುತ್ತಾ ಕೂತೆ. ಆ ಸಾಲು ಬರಲೇಬೇಕಲ್ಲ, ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದೊಂದೇ ಕುತೂಹಲ. ಏಳೂ ಹದಿನಾಲ್ಕಕ್ಕೆ ಬಂತು.

"ಮುತ್ತು ರತ್ನಗಳನ್ನು ಬೀದಿಯಲ್ಲಿ ರಾಶಿ ಹಾಕಿ, ಸೇರಿನಲ್ಲಿ ಅಳೆದು ಮಾರುತ್ತಿದ್ದ ನಾಡು ನಮ್ಮದು!"

ಚಪ್ಪಾಳೆ. ಸೀಟಿ. ಯಾರೋ ಪಟಾಕಿಯನ್ನೂ ಹಚ್ಚಿದರು.

ಈ ಸಾಲನ್ನು ನಾನು ಮೂರನೇ ಕ್ಲಾಸಿನಿಂದ ಕೇಳುತ್ತಿದ್ದೇನೆ. ಮಂತ್ರಿಗಳು ಹೇಳಿದ್ದಾರೆ, ಮೇಷ್ಟ್ರು ಹೇಳಿದ್ದಾರೆ, ಆಟೋ ಸ್ಟ್ಯಾಂಡಿನ ಅಧ್ಯಕ್ಷರು ಹೇಳಿದ್ದಾರೆ, ಒಮ್ಮೆ ಮದುವೆ ಮನೆಯಲ್ಲಿ ಹುಡುಗನ ಸೋದರಮಾವ ಕಾರಣವೇ ಇಲ್ಲದೆ ಹೇಳಿದ್ದಾನೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಕೊಸರು ಎಷ್ಟು ಹಾಕುತ್ತಿದ್ದರು?

ಸೇರಿನಲ್ಲಿ ಅಳೆದು ಕೊಳ್ಳುವುದೇನು ಎಂದು ನೋಡಿದವರಿಗೆ ಗೊತ್ತು. ನಮ್ಮಜ್ಜಿ ಅವರೆಕಾಯಿ ಕೊಳ್ಳಲು ಕೂತರೆ ಅದೊಂದು ಯುದ್ಧ. ಸೇರಿನ ತಳ ಒಳಕ್ಕೆ ಜಜ್ಜಿದೆಯಾ ಎಂದು ಮೊದಲು ಮಗುಚಿ ನೋಡುವುದು. ಅಳೆಯುವಾಗ ಅವನ ಹೆಬ್ಬೆರಳು ಸೇರಿನ ಒಳಗಿದೆಯೋ ಹೊರಗಿದೆಯೋ ಎಂದು ಕಣ್ಣಿಡುವುದು. ಮೇಲೆ ಗೋಪುರ ಏಳಿಸಿ ತಲೆದುಂಬ ಕೊಡುತ್ತಾನೋ, ಅಂಗೈಯಲ್ಲಿ ಸವರಿ ಮಟ್ಟ ಮಾಡುತ್ತಾನೋ ಎಂಬ ತಕರಾರು. ಇಷ್ಟೆಲ್ಲ ಆಗಿ ದುಡ್ಡು ಕೈಬದಲಾದ ಮೇಲೆ ಸೆರಗು ಒಡ್ಡಿ "ಕೊಸರು ಹಾಕಪ್ಪ" ಅನ್ನುವುದು. ಆತ ಗೊಣಗುತ್ತಾ ಒಂದು ಹಿಡಿ ಹಾಕುವುದು. ವಿಜಯನಗರದ ಮುತ್ತಿನಂಗಡಿಯಲ್ಲೂ ಹೀಗೇ ನಡೆದಿರಬೇಕಲ್ಲ? ಒಂದು ಸೇರು ಮಾಣಿಕ್ಯಕ್ಕೆ ಒಂದು ಹಿಡಿ ಕೆಂಪು ಕೊಸರು. ಮನೆಗೆ ಹೋಗಿ ಮೊರದಲ್ಲಿ ಕೇರಿ ಕಲ್ಲು ಆರಿಸುವುದು. ಆದರೆ ರತ್ನವೂ ಕಲ್ಲೇ ಆದ್ದರಿಂದ ಏನನ್ನು ಆರಿಸಿ ಏನನ್ನು ಬಿಸಾಡುತ್ತಿದ್ದರೋ, ಆ ಅಮ್ಮಂದಿರೇ ಹೇಳಬೇಕು.

ಕೀಟಲೆ ಸಾಕು. ನೋಡಿದವರು ಬರೆದಿಟ್ಟದ್ದು ನಮ್ಮಲ್ಲಿದೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬಂದ. 1520ರ ಸುಮಾರಿಗೆ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ಬಂದ. ಅವನ ಬೆನ್ನಿಗೆ ಹತ್ತು ಹದಿನೈದು ವರ್ಷ ತಡೆದು ಫೆರ್ನಾವೊ ನೂನಿಜ್ ಬಂದ. ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದರು ಎಂದು ರಜಾಕನೂ ಪಾಯೆಸನೂ ಬರೆದಿರುವುದು ನಿಜ. ಎದೆ ಉಬ್ಬಿಸಿಕೊಳ್ಳಿ, ತಕರಾರಿಲ್ಲ. ಆದರೆ ನೂನಿಜ್ ಇನ್ನೊಂದು ಮಾತು ಸೇರಿಸುತ್ತಾನೆ. ಗಣಿಯಲ್ಲಿ ಇಪ್ಪತ್ತು ಮಂಜಾಡಿಗಿಂತ ಹೆಚ್ಚು ತೂಗುವ ವಜ್ರ ಸಿಕ್ಕಿದರೆ ಅದು ನೇರ ಅರಸನ ಭಂಡಾರಕ್ಕೆ. ಮಂಜಾಡಿ ಅಂದರೆ ಒಂದು ಕಾಳು, ಅಕ್ಕಸಾಲಿಗರು ಚಿಟಿಕೆಯಲ್ಲಿ ಎತ್ತಿ ತಕ್ಕಡಿಗೆ ಇಡುವಂಥದ್ದು. ಕಾಳಿನ ಲೆಕ್ಕದಲ್ಲಿ ವಜ್ರ ತೂಗಿ ವಸೂಲಿ ಮಾಡುತ್ತಿದ್ದ ಸರ್ಕಾರ, ಬೀದಿಯಲ್ಲಿ ಸೇರುಗಟ್ಟಲೆ ಸುರಿಯಲು ಬಿಡುತ್ತಿತ್ತೇ? ತೆರಿಗೆ ಇಲಾಖೆಯವರ ಸ್ವಭಾವ ಐನೂರು ವರ್ಷದಲ್ಲಿ ಬದಲಾಗಿದೆ ಎಂದು ನಂಬಲು ನಾನಂತೂ ತಯಾರಿಲ್ಲ.

ನನ್ನ ದೂರು ಸೇರಿನ ಮೇಲಲ್ಲ, ಅಂಗಡಿಯ ಸಾಲಿನಲ್ಲಿ ಒಂದೇ ಅಂಗಡಿಯನ್ನು ಹೊಗಳುತ್ತಾರಲ್ಲ, ಅದರ ಮೇಲೆ. ಅದೇ ಪಾಯೆಸ್ ಶುಕ್ರವಾರದ ಸಂತೆಯನ್ನೂ ಕಂಡಿದ್ದಾನೆ. ಅಲ್ಲಿ ಏನಿತ್ತು? ಹಂದಿ, ಕೋಳಿ, ಸಮುದ್ರದಿಂದ ಬಂದ ಒಣಮೀನು. ಸಂಜೆ ಸಂತೆಯಲ್ಲಿ ಸಾದಾ ಕುದುರೆ, ತಟ್ಟುಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ. ನೂನಿಜನಂತೂ ಭಾಷಣಕಾರರ ಹೊಟ್ಟೆಗೇ ಕೈಹಾಕಿದ್ದಾನೆ. ಆ ನಗರದ ಮಾರುಕಟ್ಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವು ಎಲ್ಲವೂ ಮಾರಾಟಕ್ಕಿದ್ದವಂತೆ, ಅದೂ ಜೀವಂತವಾಗಿ, ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತಾಗಲಿ ಅಂತ. ಎಂಥ ಗ್ರಾಹಕ ರಕ್ಷಣೆ! ಒಂದು ರಾಜ್ಯೋತ್ಸವದಲ್ಲಾದರೂ ಯಾರಾದರೂ ಮೈಕು ಹಿಡಿದು "ಇಲಿಗಳನ್ನು ಜೀವಂತ ಮಾರುತ್ತಿದ್ದ ನಾಡು ನಮ್ಮದು" ಅಂದದ್ದುಂಟೆ? ಒಣಮೀನಿನ ವಾಸನೆ ಬರುವ ಸುವರ್ಣಯುಗ ನಮಗೆ ಬೇಡ. ಮುತ್ತಿಗೆ ವಾಸನೆ ಇಲ್ಲ, ಅದೇ ಅದರ ದೊಡ್ಡ ಗುಣ.

ರಜಾಕನಿಗೆ ಮುತ್ತಿಗಿಂತ ಹೂವೇ ಹೆಚ್ಚು ಕಣ್ಣಿಗೆ ಬಿದ್ದಂತಿದೆ. ಅರಮನೆಯ ಹತ್ತಿರದ ಉದ್ದಗಲದ ಬಜಾರುಗಳು, ಅಂಗಡಿಯ ಮುಂದೆ ಎತ್ತರದ ಕಟ್ಟೆ, ಅದರ ಮೇಲೆ ಗುಲಾಬಿ. ಈ ಜನ ಗುಲಾಬಿ ಇಲ್ಲದೆ ಇರಲಾರರು, ಅವರಿಗೆ ಅದು ಅನ್ನದಷ್ಟೇ ಬೇಕು ಅನ್ನುವ ಧಾಟಿಯಲ್ಲಿ ಬರೆಯುತ್ತಾನೆ. ಅಂದರೆ ಆ ವೈಭವದ ಅರ್ಧ ಪಾಲು ಹೂ ಮಾರುವವರದು. ಅವನು ಪೊಲೀಸರನ್ನೂ ಬಿಟ್ಟಿಲ್ಲ. ಟಂಕಸಾಲೆಯ ಎದುರಿಗೇ ಅವರ ಠಾಣೆ, ಹನ್ನೆರಡು ಸಾವಿರ ಮಂದಿ. ಏಳು ಸುತ್ತಿನ ಕೋಟೆಯೊಳಗೆ ಏನೇ ಕಳುವಾದರೂ ಹುಡುಕಿ ಕೊಡಬೇಕು, ಇಲ್ಲದಿದ್ದರೆ ಅವರಿಗೇ ದಂಡ. ಅವರ ದಿನಗೂಲಿ ಬರುತ್ತಿದ್ದದ್ದು ಸೂಳೆಗೇರಿಯ ವರಮಾನದಿಂದ. ಈ ಪ್ಯಾರಾವನ್ನೂ ಭಾಷಣಕ್ಕೆ ಸೇರಿಸಿಕೊಳ್ಳಬಹುದು, ವೇದಿಕೆಯಲ್ಲಿ ಇನ್‌ಸ್ಪೆಕ್ಟರು ಕೂತಿಲ್ಲದಾಗ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಇಷ್ಟದ್ದು. ಎರಡನೇ ದೇವರಾಯ 1426ರಲ್ಲಿ ಹಂಪಿಯಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಎಲ್ಲಿ ಕಟ್ಟಿಸಿದ ಎಂದು ಶಾಸನ ಹೇಳುವುದು ಗಂಭೀರ ಸಂಸ್ಕೃತದಲ್ಲಿ: ಪರ್ಣಪೂಗೀಫಲ ಆಪಣ ಬೀದಿಯಲ್ಲಿ. ಬಾಯಿ ತುಂಬುತ್ತದೆ ಅಲ್ಲವೇ? ಬಿಡಿಸಿ ನೋಡಿದರೆ ಎಲೆ ಅಡಿಕೆ ಅಂಗಡಿ ಬೀದಿ. ಈಗ ಅಲ್ಲಿಗೆ ಪಾನ್ ಸುಪಾರಿ ಬಜಾರ್ ಎನ್ನುತ್ತಾರೆ. ಚಕ್ರವರ್ತಿಯ ಬಸದಿಗೆ ವಿಳಾಸ ಎಲೆ ಅಡಿಕೆ ಮಾರುವವರು! ಬೀಡಾ ಅಂಗಡಿ ಪಕ್ಕದ ಸಂದಿ ಎಂದು ನಾವೂ ನೀವೂ ದಾರಿ ಹೇಳುವುದಿಲ್ಲವೇ, ಹಾಗೇ. ಈಗ ಅಲ್ಲಿ ನಿಂತು ಎಲೆ ಅಡಿಕೆ ಹಾಕಿ ಉಗಿದು ನೋಡಿ, ದಂಡ ಕಟ್ಟುತ್ತೀರಿ. ಅದು ಸರಿಯೇ ಬಿಡಿ, ಉಗಿಯಬಾರದು.

1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧದಲ್ಲಿ ಆದದ್ದನ್ನು ಮತ್ತೆ ಹೇಳುವುದು ಬೇಡ, ಎಲ್ಲರಿಗೂ ಗೊತ್ತು. ಎರಡು ವರ್ಷದ ಮೇಲೆ, 1567ರಲ್ಲಿ, ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್ ಬಂದಾಗ ಮನೆಗಳೇನೋ ನಿಂತಿದ್ದವು. ಒಳಗೆ ಹುಲಿ ಮತ್ತಿತರ ಕಾಡುಪ್ರಾಣಿ ಬಿಟ್ಟರೆ ಯಾರೂ ಇಲ್ಲವಂತೆ ಎಂದು ಬರೆದ. ಹುಲಿಗಳು ಒತ್ತುವರಿದಾರರು ಎಂದು ಯಾರೂ ನೋಟಿಸ್ ಕೊಟ್ಟ ದಾಖಲೆಯಿಲ್ಲ. ಅಲ್ಲಿಂದ ನಮಗೆ ದಕ್ಕಿದ್ದು ಒಂದು ಬೈಗುಳ. ಯಾವುದಾದರೂ ಮನೆ ಬಿಕೋ ಅನ್ನುತ್ತಿದ್ದರೆ "ಹಾಳು ಹಂಪೆ ಆಗಿದೆ" ಎನ್ನುತ್ತೇವೆ.

ಆ ಹಾಳಿಗೆ ಜನ ಮೆಲ್ಲಗೆ ಮರಳಿದರು. ವಿರೂಪಾಕ್ಷನಿಗೆ ಪೂಜೆ ನಡೆಯುತ್ತಲೇ ಇತ್ತು, ದೇವರಿದ್ದಲ್ಲಿ ಕಾಯಿ ಕರ್ಪೂರದವರು ಬರಬೇಕು, ಅವರಿಗೆ ಚಹಾ ಕೊಡುವವನು ಬರಬೇಕು. ಗುಡಿಯ ದೊಡ್ಡ ಗೋಪುರದಿಂದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನ ಆ ಬೀದಿಯ ಎರಡೂ ಬದಿಯ ಕಲ್ಲುಮಂಟಪಗಳಲ್ಲಿ ಸಂಸಾರ ಹೂಡಿದರು. ಅಂಗಡಿ ಇಡಲೆಂದೇ ಕಟ್ಟಿದ ಮಂಟಪದಲ್ಲಿ ನಾಲ್ಕುನೂರು ವರ್ಷ ತಡವಾಗಿ ಅಂಗಡಿ ಇಟ್ಟರು.

2000ದ ಆಸುಪಾಸಿನಲ್ಲಿ ನಾನು ಹೋದಾಗ ಒಂದು ಮಂಟಪದಲ್ಲಿ ಕೂತು ಒಗ್ಗರಣಿ ಮಿರ್ಚಿ ತಿಂದದ್ದು ಚೆನ್ನಾಗಿ ನೆನಪಿದೆ. ಮಿರ್ಚಿ ಬಿಡುತ್ತಿದ್ದ ಬಾಣಲೆಯ ಹಿಂದೆ ಒಂದು ಕಂಬ, ಕಂಬದಲ್ಲಿ ಸವೆದ ಯಾಳಿ, ಅಂದರೆ ಸಿಂಹ ಆನೆ ಬೆರೆತ ಕಲ್ಲಿನ ಮೃಗ. ಅದರ ಸೊಂಡಿಲಿಗೆ ಯಾರೋ ಒಣಗಲೆಂದು ಪುಟ್ಟ ಮಗುವಿನ ಕುಲಾವಿ ಸಿಕ್ಕಿಸಿದ್ದರು. ಪಕ್ಕದ ಮಂಟಪದಲ್ಲಿ ಟೋಪಿ, ರುದ್ರಾಕ್ಷಿ, ಭೂಪಟ. ಮಂಡಕ್ಕಿಗೆ ಒಗ್ಗರಣಿ ಹಾಕುವ ಅದೇ ಕೈ ಇಸ್ರೇಲಿನ ಹುಡುಗರಿಗೆ ಅವರ ಟೊಮೆಟೊ ಮೊಟ್ಟೆಯ ಶಕ್ಷುಕಾ ಮಾಡುತ್ತಿತ್ತು, ಅಂಗಡಿಯಾತ ಅವರ ಭಾಷೆಯಲ್ಲೇ ಜಗಳವಾಡುತ್ತಿದ್ದ. ರಜಾಕನ ಕಾಲದ ವ್ಯಾಪಾರಿಯೂ ಪಾರಸಿಯಲ್ಲಿ ಹೀಗೇ ಜಗಳವಾಡಿರಬೇಕು ಅನ್ನಿಸಿತ್ತು. ಬಿಲ್ಲು ಕೊಡುವಾಗ ನನಗೂ ಪರದೇಶಿ ರೇಟೇ ಹಾಕಿದ. ಕನ್ನಡದಲ್ಲಿ ಜಗಳವಾಡಿದ ಮೇಲೆ ಇಳಿಸಿದ.

ಎಲ್ಲ ಚೆನ್ನಾಗಿತ್ತು ಅನ್ನುವುದಿಲ್ಲ. ಕಂಬಕ್ಕೆ ಮೊಳೆ ಹೊಡೆದಿದ್ದರು. ಎರಡು ಕಂಬದ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಎಣ್ಣೆ ಬಣ್ಣ ಬಳಿದಿದ್ದರು. ಮಂಟಪದ ತಲೆಯ ಮೇಲೆ ಸಿಮೆಂಟಿನ ಅಂತಸ್ತು, ಅದರ ಮೇಲೆ ನೀರಿನ ಟ್ಯಾಂಕು. ಹಿಂಬದಿಯಲ್ಲಿ ಲಾಡ್ಜು ಕಟ್ಟಿದವರಿಗೆ ಹೊಟ್ಟೆಪಾಡು ಎಂಬ ವಿನಾಯಿತಿಯನ್ನು ನಾನೂ ಕೊಡಲಾರೆ. ಇದನ್ನೆಲ್ಲ ಸರಿಪಡಿಸಲು ಬೇಕಾದದ್ದು ಒಬ್ಬ ಒಳ್ಳೆಯ ಎಂಜಿನಿಯರು, ನಾಲ್ಕು ನಿಯಮ, ಹತ್ತು ವರ್ಷದ ತಾಳ್ಮೆ. ನಮ್ಮಲ್ಲಿ ಇದ್ದದ್ದು ಜೆಸಿಬಿ.

2011ರ ಜುಲೈ 29ರಂದು ಅದು ಬಂತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು. ಅವರಿಗೆ ಸಿಕ್ಕ ಗಡುವು ದಿನದ ಲೆಕ್ಕದ್ದಲ್ಲ, ಗಂಟೆಯ ಲೆಕ್ಕದ್ದು. ಸಂಜೆಯೊಳಗೆ ಬೀದಿ ಬಟಾಬಯಲು. ನಾಲ್ಕು ಕಿಲೋಮೀಟರ್ ಆಚೆ ಕಡ್ಡಿರಾಂಪುರದಲ್ಲಿ ನಿವೇಶನ ಎಂದರು. ಅದು ಕೈಗೆ ಬರಲು ವರ್ಷಗಳೇ ಹಿಡಿದವು. ಹೊಳೆಯಾಚೆ ವಿರೂಪಾಪುರ ಗಡ್ಡಿಯ ಸರದಿ 2020ರ ಮಾರ್ಚಿನಲ್ಲಿ ಬಂತು, ಸುಪ್ರೀಂ ಕೋರ್ಟಿನ ಆದೇಶದ ಬೆನ್ನಿಗೆ.

ಅದಾದ ಮೇಲೆ ನಾನು ಇನ್ನೊಮ್ಮೆ ಹೋದೆ. ಮೇ ತಿಂಗಳು, ಬುದ್ಧಿ ಇದ್ದವರು ಹೋಗದ ತಿಂಗಳು. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದು ಗಾದೆ. ಹಂಪಿಗೆ ಕಾಲೇ ಏಕೆ ಬೇಕು ಎಂದು ಆ ದಿನ ಅರ್ಥವಾಯಿತು. ಅಷ್ಟುದ್ದ ಬೀದಿಯಲ್ಲಿ ಕೂತು ಒಂದು ಲೋಟ ನೀರು ಕೊಳ್ಳುವ ಜಾಗವಿಲ್ಲ. ಬಿಸಿಲು ಕಲ್ಲಿನಿಂದ ಮೇಲಕ್ಕೆ ಬರುತ್ತಿತ್ತು. ನೆರಳಿಗೆಂದು ಒಂದು ಮಂಟಪದ ಕಟ್ಟೆಗೆ ಒರಗಿದೆ. ಎಲ್ಲಿಂದಲೋ ಸೀಟಿ ಊದಿದರು. ಎದ್ದೆ. ಮಿರ್ಚಿ ಬಾಣಲೆಯ ಹಿಂದಿನ ಯಾಳಿಯನ್ನು ಹುಡುಕಲು ಹೊರಟೆ. ಎಲ್ಲ ಕಂಬವೂ ಒಂದೇ ಥರ ಕಂಡವು, ಯಾವ ಮಂಟಪ ಎಂದು ಕೊನೆಗೂ ತಿಳಿಯಲಿಲ್ಲ.

ಬೀದಿಯ ಮೂಡಣ ತುದಿಯ ಮಂಟಪದಲ್ಲಿ ಫೋಟೋ ಪ್ರದರ್ಶನವೊಂದಿದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿ ಹಂಪಿಯ ಫೋಟೋ ತೆಗೆದಿದ್ದ, ಆ ಕಾಲಕ್ಕೆ ದೊಡ್ಡ ಸಾಹಸ. ಚಿತ್ರಗಳಲ್ಲಿ ಕಲ್ಲು, ಕಂಬ, ಮುಳ್ಳುಕಂಟಿ. ನರಪಿಳ್ಳೆ ಕಾಣುವುದೇ ಅಪರೂಪ. ಅದನ್ನು ನೋಡಿ ಹೊರಗೆ ಬಂದು ಬೀದಿ ನೋಡಿದೆ. ಥೇಟ್! ಅಷ್ಟು ಖರ್ಚು, ಅಷ್ಟು ಕೋರ್ಟು, ಅಷ್ಟು ಕಣ್ಣೀರು ಸುರಿಸಿ ನಾವು ಹಂಪಿಯ ಬಜಾರನ್ನು ಯಾವ ಕಾಲಕ್ಕೆ ಮರಳಿಸಿದ್ದೇವೆ ಎಂದು ಆಗ ತಲೆಗೆ ಹೊಳೆಯಿತು. ಕೃಷ್ಣದೇವರಾಯನ ಕಾಲಕ್ಕಲ್ಲ. ಆಗ ಅಲ್ಲಿ ಜನ ಇದ್ದರು, ಒಣಮೀನಿತ್ತು, ಗದ್ದಲವಿತ್ತು. ನಾವು ಮರಳಿಸಿರುವುದು ಲೂಟಿ ಮುಗಿದ ಮರುದಿನಕ್ಕೆ. ಹಾಳು ಹಂಪೆಯನ್ನು ಹಾಳು ಹಂಪೆಯಾಗಿಯೇ ಕಾಪಾಡಿದ್ದೇವೆ. ಹುಲಿಯೊಂದೇ ಬಾಕಿ.

ಹಂಪಿ ಉತ್ಸವದ ಎರಡು ಮೂರು ದಿನ ಬಿಡಿ, ಆಗ ಬೇರೆ. ಆಗ ಮಳಿಗೆ ಹಾಕುತ್ತಾರೆ, ದೀಪ ಹಾಕುತ್ತಾರೆ, ಕರಕುಶಲ ಎನ್ನುತ್ತಾರೆ, ದೇಸಿ ಆಹಾರ ಎನ್ನುತ್ತಾರೆ. ಅದೇ ಮಿರ್ಚಿಗೆ ಬೋರ್ಡು ಬಂದರೆ ಪರಂಪರೆ. ಮಿಕ್ಕ ದಿನ ಒತ್ತುವರಿ.

ಹರಿಗೋಲಿನ ವಿಷಯ ಹೇಳದೆ ಹಂಪಿಯಿಂದ ಎದ್ದು ಬರಲಾರೆ. ಆನೆಗೊಂದಿಗೆ ಹೊಳೆ ದಾಟುವ ದೋಣಿ ಬುಟ್ಟಿಯ ಹಾಗೆ ದುಂಡಗಿದೆ, ಒಳಗೆ ಬಿದಿರು ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿಯನ್ನು ಹೊರುತ್ತದೆ ಎಂದು ಪಾಯೆಸ್ ಬರೆದಿದ್ದಾನೆ. ನಮ್ಮ ಕಾಲದಲ್ಲಿ ತಳವಾರಘಟ್ಟದ ಹತ್ತಿರ ಸೇತುವೆ ಕಟ್ಟಲು ಹೊರಟರು. ವಿಶ್ವಪರಂಪರೆಯ ಪಟ್ಟಿಗೆ 1986ರಲ್ಲಿ ಸೇರಿದ್ದ ಹಂಪಿ ಇಂಥ ಸೇತುವೆಗಳ ದೆಸೆಯಿಂದ 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು. 2006ರಲ್ಲಿ ಪಟ್ಟಿಯಿಂದ ಈಚೆಗೆ ಬಂತು. 2009ರ ಜನವರಿಯಲ್ಲಿ ಇನ್ನೂ ಮುಗಿಯದ ಸೇತುವೆಯೇ ಕುಸಿದು ಹೊಳೆಗೆ ಬಿತ್ತು, ಕೂಲಿಗೆ ಬಂದವರು ಸತ್ತರು. ಹರಿಗೋಲು ಇನ್ನೂ ಇದೆ. ತೊಗಲು ಹೋಗಿ ಪ್ಲಾಸ್ಟಿಕ್ಕೂ ಟಾರೂ ಬಂದಿದೆ, ದುಂಡಗೆ ಸುತ್ತುವುದು ಮಾತ್ರ ಬಿಟ್ಟಿಲ್ಲ. ಆ ಹೊಳೆಯಲ್ಲಿ ಐನೂರು ವರ್ಷ ಕೆಲಸ ಮಾಡಿದ ಸರ್ಕಾರಿ ಯೋಜನೆ ಒಂದೂ ಇಲ್ಲ. ಬುಟ್ಟಿಯೊಂದೇ.

ಹಂಪಿಯಿಂದ ಮಾರುಕಟ್ಟೆಗೆ ಉಳಿದಿರುವುದು ಈಗ ಐವತ್ತರ ನೋಟು. 2017ರಲ್ಲಿ ಬಂದ ಹೊಸ ನೋಟಿನ ಹಿಂದೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಅಚ್ಚಾಗಿದೆ. ರಥ ನಿಂತಲ್ಲಿ ನಿಂತಿದೆ, ನೋಟು ಮಾತ್ರ ದಿನಕ್ಕೆ ಹತ್ತು ಸಂತೆ ತಿರುಗುತ್ತದೆ.

ಭಾಷಣ ಮುಗಿದು ಆರ್ಕೆಸ್ಟ್ರಾ ಶುರುವಾಗುವ ಮೊದಲೇ ತಪ್ಪಿಸಿಕೊಳ್ಳೋಣ ಎಂದು ಅಂದು ನಾನು ಮನೆಯಿಂದ ಹೊರಬಿದ್ದೆ. ಪೆಂಡಾಲು ನಿಂತಿದ್ದ ಜಾಗ ನಿಜಕ್ಕೂ ನಮ್ಮ ಬೀದಿಯ ಸಂಜೆ ಸಂತೆಯದು. ಎಳನೀರಿನವನು, ಸೊಪ್ಪಿನಜ್ಜಿ, ಕಡಲೆಕಾಯಿ ಗಾಡಿ, ಹೂವಿನಾಕೆ. ನಾಡಹಬ್ಬಕ್ಕೆಂದು ಅವರನ್ನೆಲ್ಲ ಬೆಳಿಗ್ಗೆಯೇ ಎಬ್ಬಿಸಿದ್ದರು. ಬೀದಿ ವ್ಯಾಪಾರಿಗಳಿಗೆಂದು 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿದೆ. ಪ್ರಮಾಣಪತ್ರ ಇದ್ದವರನ್ನು ಅವರ ಜಾಗದಿಂದ ಎಬ್ಬಿಸಬೇಕಾದರೆ ಮೂವತ್ತು ದಿನ ಮೊದಲು ನೋಟಿಸ್ ಕೊಡಬೇಕು. ಇವರಿಗೆ ಸಿಕ್ಕಿದ್ದು "ಏಯ್, ಎತ್ತು ಎತ್ತು". ತಕ್ಕಡಿ ಎತ್ತಿ ಲಾರಿಗೆ ಎಸೆಯುವುದನ್ನು ನೀವೂ ನೋಡಿದ್ದೀರಿ. ಬಿದ್ದ ಟೊಮೆಟೊ ಬೂಟಿನಡಿ ಅಪ್ಪಚ್ಚಿಯಾಗುವುದನ್ನೂ ನೋಡಿದ್ದೀರಿ. ಅದರಲ್ಲಿ ವಿಡಂಬನೆ ಮಾಡಲು ನನಗೆ ಏನೂ ಕಾಣುವುದಿಲ್ಲ. ನಾಚಿಕೆಯಾಗಬೇಕು, ಅಷ್ಟೆ. ಸತ್ತ ಸಂತೆಯ ಮುಂದೆ ಕೈಮುಗಿದು ನಿಂತು ಬದುಕಿರುವ ಸಂತೆಯನ್ನು ಕಾಲಲ್ಲಿ ಒದೆಯುವ ಈ ಬುದ್ಧಿ ನಮಗೆ ಎಲ್ಲಿಂದ ಬಂತೋ.

ಹೂವಿನಾಕೆ ಪೆಂಡಾಲಿನ ಹಿಂದೆ, ಜನರೇಟರಿನ ಹೊಗೆ ಮುಖಕ್ಕೆ ಹೊಡೆಯುವ ಕಡೆ, ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ತೇವದ ಗೋಣಿಚೀಲದ ಅಡಿಯಲ್ಲಿ ಮಲ್ಲಿಗೆ. ಒಂದು ಮೊಳ ಕೇಳಿದೆ. ಮೊಣಕೈಯಿಂದ ಬೆರಳ ತುದಿಗೆ ಸರ ಎಳೆದಳು. ಸೇರಿಗಾದರೂ ತಳ ಜಜ್ಜಬಹುದು, ಮೊಳದಲ್ಲಿ ಏನು ಮೋಸ ಮಾಡುತ್ತೀರಿ, ಆಕೆಯ ಕೈಯೇ ಗಿಡ್ಡ. ಕಲ್ಲಿನ ರಥದ ನೋಟು ಕೊಟ್ಟೆ. ತಿರುಗಿಸಿ, ಹರಿದಿದೆಯಾ ಎಂದು ಬೆಳಕಿಗೆ ಹಿಡಿದು ನೋಡಿ, ಸೊಂಟದ ಚೀಲಕ್ಕೆ ಸೇರಿಸಿದಳು.

"ಅದೇನೋ ಮೈಕಲ್ಲಿ ಸೇರುಗಟ್ಟಲೆ ಅಂತಿದ್ರಲ್ಲ ಸಾ, ಏನ್ ಮಾರ್ತಿದ್ರಂತೆ?"

"ಮುತ್ತು ರತ್ನ ಅಕ್ಕಾ."

"ಎಲ್ಲಿ?"

"ಬೀದೀಲೇ. ನೆಲದ ಮೇಲೆ ರಾಶಿ ಹಾಕ್ಕೊಂಡು."

ಆಕೆ ಎಲೆಗೆ ದಾರ ಸುತ್ತುತ್ತಿದ್ದ ಕೈ ನಿಲ್ಲಿಸಿದಳು.

"ಪೊಲೀಸ್ನೋರು ಏನೂ ಅಂತಿರ್ಲಿಲ್ವಾ?"